ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ, ಇನ್ನೊಬ್ಬರಿಗೆ ಇಲ್ಲ. ಹೇಗೆ?

ತುಂಗಾತೀರ:
ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಹುಟ್ಟಿಸುವ ಈ ಮಾನಸಿಕ ಕಾಯಿಲೆ ವಂಶದಿಂದ ಬರುತ್ತದೆ ಅಂತಾರೆ. ಹಾಗಿದ್ದರೆ ಒಂದೇ ರೂಪದ ಅವಳಿಗಳಲ್ಲಿ ಇಬ್ಬರಿಗೂ ಬರಲೇಬೇಕಲ್ಲ? ‘ಪರೀಕ್ಷೆ ಟೆನ್ಶನ್‌ಗೆ ತಲೆ ಕೆಟ್ಟಿತು’ ಅನ್ನುವವರೂ ಇದ್ದಾರೆ. ಅದೇ ಪರೀಕ್ಷೆ ಬರೆದ ಉಳಿದವರಿಗೆ ಯಾಕೆ ಏನೂ ಆಗಲಿಲ್ಲ? ಮನೆಯವರು ಯಾವುದನ್ನು ನಂಬಬೇಕು?

ನರತಂತು:
ಎರಡರಲ್ಲೂ ಅರ್ಧ ಸತ್ಯವಿದೆ. ಜನಸಾಮಾನ್ಯರಲ್ಲಿ ಈ ಕಾಯಿಲೆಯ ಸಾಧ್ಯತೆ ಶೇ. 1ರ ಆಸುಪಾಸು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ವಂಶವಾಹಿ ದೊಡ್ಡ ಪಾಲು ಹೌದು, ಆದರೆ ಅದೊಂದೇ ಸಾಲದು.

1977ರಲ್ಲಿ ಮನೋವಿಜ್ಞಾನಿಗಳಾದ ಜುಬಿನ್ ಮತ್ತು ಸ್ಪ್ರಿಂಗ್ ಹೇಳಿದ್ದು ಇದನ್ನೇ: ಒತ್ತಡ ತಡೆಯುವ ಮಿತಿ ಒಬ್ಬೊಬ್ಬರಿಗೆ ಒಂದೊಂದು. ದುರ್ಬಲತೆ ಹೆಚ್ಚಿದ್ದವರಿಗೆ ಸಣ್ಣ ಒತ್ತಡವೂ ಆ ಮಿತಿ ದಾಟಿಸುತ್ತದೆ. ಆ ದುರ್ಬಲತೆ ಹುಟ್ಟುವ ಮೊದಲೇ ಸೇರಿಕೊಳ್ಳಬಹುದು. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಭೀಕರ ಕ್ಷಾಮವಿತ್ತು. ಅದರ ತುತ್ತತುದಿಯಲ್ಲಿ ತಾಯಿಯ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಿ ಮುಂದೆ ಈ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತು. ಹೆರಿಗೆಯಲ್ಲಿ ಆಮ್ಲಜನಕದ ಕೊರತೆ, ಬಾಲ್ಯದ ದೌರ್ಜನ್ಯ, ಹದಿಹರೆಯದ ಗಾಂಜಾ ಇವೂ ಅಪಾಯ ಹೆಚ್ಚಿಸುತ್ತವೆ.

ಒತ್ತಡದಲ್ಲಿ ಇಂಥವರ ಮಿದುಳು ಡೋಪಮೈನ್ ಎಂಬ ರಾಸಾಯನಿಕವನ್ನು ಅತಿಯಾಗಿ ಬಿಡುತ್ತದೆ. ‘ಇದು ಮುಖ್ಯ, ಗಮನಿಸು’ ಎಂದು ಗುರುತು ಹಾಕುವುದು ಅದರ ಕೆಲಸಗಳಲ್ಲೊಂದು. ಆಗ ಬಸ್ಸಿನಲ್ಲಿ ಯಾರೋ ಕೆಮ್ಮಿದರೂ ಅದು ತನಗೇ ಕೊಟ್ಟ ಸನ್ನೆ ಅನಿಸತೊಡಗುತ್ತದೆ.

ಹೊಸ್ತಿಲು:
ಪರೀಕ್ಷೆಯ ಬಗ್ಗೆ ಒಂದು ಮಾತು. ಎಷ್ಟೋ ಸಲ ಪರೀಕ್ಷೆಗೆ ತಿಂಗಳುಗಳ ಮೊದಲೇ ನಿದ್ದೆ ಕೆಟ್ಟಿರುತ್ತದೆ, ಗೆಳೆಯರು ದೂರವಾಗಿರುತ್ತಾರೆ, ಅಂಕ ಇಳಿದಿರುತ್ತದೆ. ಅಂದರೆ ಕಾಯಿಲೆ ಆಗಲೇ ಶುರುವಾಗಿದೆ. ಪರೀಕ್ಷೆಯಲ್ಲಿ ಅದು ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೇ. ‘ನಾವು ಓದು ಓದು ಅಂದಿದ್ದಕ್ಕೇ ಹೀಗಾಯ್ತು’ ಎಂದು ತಂದೆತಾಯಿ ಕೊರಗುವುದು ಬೇಡ.

ಮನೆಮದ್ದಲ್ಲ:
ಮನೆಯವರು ಕಾಯಿಲೆ ತರುವುದಿಲ್ಲ, ಆದರೆ ಅದು ಮರುಕಳಿಸುವುದರಲ್ಲಿ ಮನೆಯ ವಾತಾವರಣಕ್ಕೆ ಪಾಲಿದೆ. ಲಂಡನ್ನಿನಲ್ಲಿ 1972 ಮತ್ತು 1976ರಲ್ಲಿ ಪ್ರಕಟವಾದ ಅಧ್ಯಯನಗಳು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಒಂಬತ್ತು ತಿಂಗಳು ಗಮನಿಸಿದವು. ಸದಾ ಟೀಕೆ, ಹಗೆ ಅಥವಾ ಅತಿಯಾದ ಕಾಳಜಿ ಇದ್ದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸಿತು. ಶಾಂತವಾಗಿದ್ದ ಮನೆಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಟೀಕೆ, ಹಗೆಯ ಮನೆಗಳಲ್ಲಿ ಅಂಥ ಮನೆಯವರೊಂದಿಗೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದು, ಮಾತ್ರೆಯನ್ನೂ ಬಿಟ್ಟವರ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. ಚಂಡೀಗಢದಲ್ಲಿ ನೋಡಿದಾಗ ಇಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಇದ್ದವು.

‘ಸೋಮಾರಿ, ಇನ್ನೂ ಬಿದ್ಕೊಂಡಿದ್ದೀಯಾ?’ ಅನ್ನುವ ಬದಲು ‘ಎಂಟಕ್ಕೆ ಕಾಫಿ ಮಾಡ್ತೀನಿ, ಎದ್ದು ಬಾ’ ಅನ್ನಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ‘ಯಾರೂ ನಿನ್ನ ಹಿಂದೆ ಬಿದ್ದಿಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ‘ಭಯ ಆಗ್ತಿದೆಯಲ್ಲಾ, ಇಲ್ಲೇ ಕೂತ್ಕೊ’ ಅಂದರೆ ಸಾಕು. ದಿನಕ್ಕೆ ಕೆಲವು ಗಂಟೆಯಾದರೂ ನೀವೂ ಕಾಯಿಲೆಯವರೂ ಬೇರೆ ಬೇರೆ ಇರುವಂತೆ ನೋಡಿಕೊಳ್ಳಿ.

ತುಂಗಾತೀರ:
ಮಾತ್ರೆಯಿಂದಲೇ ಬೆಳಿಗ್ಗೆ ಹತ್ತರವರೆಗೂ ಮಂಪರು ಇದ್ದರೆ?

ನರತಂತು:
ಅದು ಸೋಮಾರಿತನವಲ್ಲ, ಔಷಧದ ಪರಿಣಾಮ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಬಿಟ್ಟ ತಕ್ಷಣ ಏನೂ ಆಗದಂತೆ ಕಾಣುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಾಯಿಲೆ ಮರಳುತ್ತದೆ. ಹಾಗಾಗಿ ಎರಡಕ್ಕೂ ಇರುವ ನಂಟು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಾತ್ರೆ ತೆಗೆದುಕೊಂಡರು, ಬೆಳಿಗ್ಗೆ ಎಷ್ಟಕ್ಕೆ ಎದ್ದರು ಎಂದು ಒಂದು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಹೊತ್ತನ್ನೋ ಡೋಸನ್ನೋ ಅವರು ಬದಲಿಸಬಹುದು. ಸತತ ಎರಡು ಮೂರು ರಾತ್ರಿ ನಿದ್ದೆ ಬಾರದಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಡಾಕ್ಟರ್ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.