‘ಸಂಗ್ರಹಣೆ’ಯೋ ‘ಖರೀದಿ’ಯೋ, ‘ಎಲ್-1’ಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಲ್ಲಿ ಒಂದು ವಿಚಾರಣೆ. ಕೇಂದ್ರ ಸರ್ಕಾರದ ಖರೀದಿ ವ್ಯವಸ್ಥೆಯಲ್ಲಿ ಈಚಿನ ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ಸಣ್ಣ ಉದ್ಯಮದವರಿಗೂ ಸ್ವಸಹಾಯ ಸಂಘದವರಿಗೂ ತಿಳಿಸಿ ಹೇಳುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಪ್ರೊಕ್ಯೂರ್‌ಮೆಂಟ್’ ಮುಂತಾದ ಪದಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಮೊದಲ ಪುಟದಲ್ಲಿಯೇ ತೊಡಕು ಎದುರಾಗಿದೆ.

ನಮ್ಮ ರಾಜ್ಯದ 1999ರ ಪಾರದರ್ಶಕತೆ ಅಧಿನಿಯಮದ ಹೆಸರಿನಲ್ಲಿ ‘ಸಾರ್ವಜನಿಕ ಸಂಗ್ರಹಣೆ’ ಎಂಬ ಮಾತಿದೆ. ಕಚೇರಿಗಳೂ ಅದನ್ನೇ ರೂಢಿಸಿಕೊಂಡಿವೆ. ಆದರೆ ಅದೇ ಸರ್ಕಾರ ಬೆಂಬಲ ಬೆಲೆಗೆ ರಾಗಿ, ಭತ್ತ ಕೊಳ್ಳುವಾಗ ತೆರೆಯುವುದು ‘ಖರೀದಿ ಕೇಂದ್ರ’ವನ್ನು. ಕರಡನ್ನು ಓದಿದ ಸ್ವಸಹಾಯ ಸಂಘದ ಮಹಿಳೆಯೊಬ್ಬರು, “ಸಂಗ್ರಹಣೆ ಅಂದ್ರೆ ಗೋದಾಮಿನ ಕೆಲಸ ಅಲ್ವಾ ಸಾರ್? ನಾವು ಮಾರೋದಕ್ಕೆ ಬಂದಿರೋರು” ಎಂದರು. ಅವರ ಮಾತು ಸರಿ. ಚಂದಾ ಸಂಗ್ರಹಣೆ, ಮಾಹಿತಿ ಸಂಗ್ರಹಣೆ, ಕಸ ಸಂಗ್ರಹಣೆ ಎನ್ನುವಾಗ ಕೊಡುವವನಿಗೆ ಬೆಲೆ ಸಲ್ಲುತ್ತದೆ ಎಂಬ ಅರ್ಥ ಆ ಪದದೊಳಗಿಲ್ಲ. (ಕಸ ಒಯ್ಯುವ ಗುತ್ತಿಗೆಯನ್ನು ‘ಕಸ ಸಂಗ್ರಹಣಾ ಸೇವೆಯ ಸಂಗ್ರಹಣೆ’ ಎಂದು ಬರೆಯಬೇಕಾಗಿ ಬಂದಾಗ ನಾನೇ ಪೆನ್ನು ಕೆಳಗಿಟ್ಟೆ.) ಹಾಗೆಂದು ‘ಖರೀದಿ’ಯೂ ಪೂರ್ತಿ ಹೊಂದುವುದಿಲ್ಲ. ಸರಕಿಗೆ ಅದು ಸಾಕು. ಆದರೆ ಸೇತುವೆ ಕಟ್ಟಿಸುವುದನ್ನು, ಕಾವಲುಗಾರರನ್ನು ಗುತ್ತಿಗೆಯ ಮೇಲೆ ಪಡೆಯುವುದನ್ನು ಖರೀದಿ ಎಂದು ಯಾರೂ ಆಡುವುದಿಲ್ಲ. ಸದ್ಯಕ್ಕೆ ‘ಸರ್ಕಾರಿ ಖರೀದಿ’ ಎಂದೇ ಬರೆದು, ಅದರಲ್ಲಿ ಸರಕು, ಸೇವೆ, ಕಾಮಗಾರಿ ಮೂರೂ ಸೇರುತ್ತವೆ ಎಂದು ಆರಂಭದಲ್ಲಿಯೇ ವಿವರಿಸಿದ್ದೇನೆ.

ಇದಕ್ಕಿಂತ ದೊಡ್ಡ ತೊಡಕು ‘ಎಲ್-1’ರದು (‘ಎಲ್’ ಎಂದರೆ ‘ಲೋಯೆಸ್ಟ್’, ಅತಿ ಕಡಿಮೆ). ಗುತ್ತಿಗೆದಾರರ ಬಾಯಲ್ಲಿ ಅದು ಕನ್ನಡವೇ ಆಗಿಬಿಟ್ಟಿದೆ: “ನಾವು ಎಲ್-1 ಬಂದ್ವಿ” ಎನ್ನುತ್ತಾರೆ. ಪತ್ರಿಕೆಗಳು ಅದನ್ನು ‘ಅತಿ ಕಡಿಮೆ ದರ ನಮೂದಿಸಿದವರು’ ಎಂದು ಬಿಡಿಸುತ್ತವೆ. ಹೀಗೆ ಬಿಡಿಸುವಾಗ ಒಂದು ಮುಖ್ಯ ವಿಶೇಷಣ ಬಿದ್ದುಹೋಗುತ್ತದೆ. ನಿಯಮದ ಪ್ರಕಾರ ಎಲ್-1 ಎಂದರೆ ಬಂದ ಬಿಡ್‌ಗಳಲ್ಲೆಲ್ಲ (ಟೆಂಡರಿಗೆ ಸಲ್ಲಿಸಿದ ಪ್ರಸ್ತಾವಗಳಲ್ಲೆಲ್ಲ) ಕಡಿಮೆಯದು ಎಂದಲ್ಲ. ಷರತ್ತುಗಳಿಗೆ ಒಪ್ಪಿ, ತಾಂತ್ರಿಕ ಪರಿಶೀಲನೆಯಲ್ಲಿ ಉಳಿದುಕೊಂಡವುಗಳಲ್ಲಿ ಕಡಿಮೆಯದು ಎಂದು. ತಾಂತ್ರಿಕ ವಿವರವನ್ನೂ ದರವನ್ನೂ ಬೇರೆಬೇರೆಯಾಗಿ ಕೊಡುವ ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯಲ್ಲಿ ಅನುತ್ತೀರ್ಣರಾದವರ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. ‘ಷರತ್ತಿಗೆ ಒಪ್ಪುವ ಬಿಡ್’ (ಇಂಗ್ಲಿಷಿನಲ್ಲಿ ‘ರೆಸ್ಪಾನ್ಸಿವ್ ಬಿಡ್’) ಎಂಬುದಕ್ಕೆ ಒಂದು ಅನುವಾದದಲ್ಲಿ ‘ಸ್ಪಂದನಾಶೀಲ ಬಿಡ್’ ಎಂಬ ಪ್ರಯೋಗ ಕಂಡೆ. ಕಾಗದ ಸ್ಪಂದಿಸುವುದು ಹೇಗೆಂದು ತಿಳಿಯಲಿಲ್ಲ. ‘ಕ್ರಮಬದ್ಧ ಬಿಡ್’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

ಸುಧಾರಣೆಯ ತಿರುಳಿರುವುದೂ ಇಲ್ಲಿಯೇ. 2012ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಸಾರ್ವಜನಿಕ ಖರೀದಿ ಮಸೂದೆ ಕಾಯ್ದೆಯಾಗದೆ ಬಿದ್ದುಹೋದುದರಿಂದ, ಕೇಂದ್ರದ ಖರೀದಿ ಮುಖ್ಯವಾಗಿ 2017ರ ಸಾಮಾನ್ಯ ಹಣಕಾಸು ನಿಯಮಗಳ ಮೇಲೆಯೇ ನಡೆಯುತ್ತಿದೆ. ದರವೊಂದನ್ನೇ ನೋಡುವ ಪದ್ಧತಿಯಿಂದ ಕೆಲಸ ಕಳಪೆಯಾಗುತ್ತದೆ ಎಂಬ ದೂರು ಹಳೆಯದು. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳು, ಅದುವರೆಗೆ ಸಲಹಾ ಸೇವೆಗಳಲ್ಲಿ ಬಳಕೆಯಲ್ಲಿದ್ದ, ಗುಣಕ್ಕೂ ದರಕ್ಕೂ ಅಂಕ ನೀಡುವ ಪದ್ಧತಿಯನ್ನು ಷರತ್ತುಗಳೊಂದಿಗೆ ಕಾಮಗಾರಿಗಳಿಗೂ ತೆರೆದವು. ದರವಲ್ಲದ ಅಂಶಗಳಿಗೆ ಗರಿಷ್ಠ ಶೇ 30ರಷ್ಟು ಪಾಲು ಎಂದು ಮಿತಿಯನ್ನೂ ಹಾಕಿದವು. ಒಂದು ಕಾಲ್ಪನಿಕ ಲೆಕ್ಕ ನೋಡಿ: ಒಬ್ಬನ ದರ 100 ಲಕ್ಷ, ಗುಣದ ಅಂಕ 70, ಇನ್ನೊಬ್ಬನ ದರ 108 ಲಕ್ಷ, ಗುಣದ ಅಂಕ 90. ಅತಿ ಕಡಿಮೆ ದರಕ್ಕೆ 100 ಅಂಕ, ಹೆಚ್ಚಿನ ದರಕ್ಕೆ ಅದೇ ಅನುಪಾತದಲ್ಲಿ ಕಡಿಮೆ ಅಂಕ ಕೊಟ್ಟು, ಗುಣಕ್ಕೆ 30, ದರಕ್ಕೆ 70 ಪಾಲು ಹಿಡಿದರೆ ಮೊದಲನೆಯವನಿಗೆ 91 ಅಂಕ, ಎರಡನೆಯವನಿಗೆ ಸುಮಾರು 91.8. ಕೆಲಸ ಎರಡನೆಯವನಿಗೆ.

ಇದನ್ನು ‘ಗುಣಮಟ್ಟ ಮತ್ತು ವೆಚ್ಚ ಆಧಾರಿತ ಆಯ್ಕೆ’ ಎಂದು ಬರೆಯುವುದುಂಟು. ವೆಚ್ಚ ಯಾರದು, ಗುತ್ತಿಗೆದಾರನದೋ ಸರ್ಕಾರದ್ದೋ ಎಂಬ ಅನುಮಾನ ಅಲ್ಲಿ ಉಳಿಯುತ್ತದೆ. ಹೋಲಿಸುವುದು ನಮೂದಿಸಿದ ದರವನ್ನಾದ್ದರಿಂದ ‘ಗುಣ-ದರ ಆಯ್ಕೆ’ ಎಂದು ಚುಟುಕಾಗಿಸಿದ್ದೇನೆ. ‘ವೇಟೇಜ್’ಗೆ ‘ತೂಕ’ ಎಂದು ಹಾಕಿದ್ದೆ, ಆದರೆ ಬೇಳೆ, ಉಕ್ಕು ಸರಬರಾಜಿನ ಟೆಂಡರಿನಲ್ಲಿ ಅದು ಕ್ವಿಂಟಲು, ಟನ್ನುಗಳೊಡನೆ ಕಲೆಸಿಹೋಗುತ್ತದೆಂದು ‘ಪಾಲು’ ಮಾಡಿದೆ.

ಇನ್ನೊಂದು ಪದ. ಸರ್ಕಾರಿ ಕಚೇರಿಗಳು ಸರಕು, ಸೇವೆ ಕೊಳ್ಳಲೆಂದು 2016ರಲ್ಲಿ ಆರಂಭವಾದ ಜೆಮ್ (ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್) ಜಾಲತಾಣದಲ್ಲಿ ಮಾರಾಟಗಾರರು ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತ ಹೋಗುವ ಕ್ರಮವಿದೆ. ಇಂಗ್ಲಿಷಿನಲ್ಲಿ ‘ರಿವರ್ಸ್ ಆಕ್ಷನ್’ ಎನ್ನುವ ಇದನ್ನು ‘ಹಿಮ್ಮುಖ ಹರಾಜು’ ಎಂದರೆ ಹರಾಜು ಹಿಂದಕ್ಕೆ ನಡೆದಂತೆ ಕೇಳುತ್ತದೆ. ನಮ್ಮಲ್ಲಿ ಹರಾಜಿನಲ್ಲಿ ಸವಾಲು ಕೂಗುವುದು ಮೇಲಕ್ಕೆ; ಇಲ್ಲಿ ಕೂಗುವುದು ಕೆಳಕ್ಕೆ. ‘ಇಳಿ ಹರಾಜು’ ಎನ್ನಬಹುದೇ? ಇಳಿವಯಸ್ಸು, ಇಳಿಜಾರುಗಳ ಜಾಡಿನಲ್ಲಿ ಅದು ನಿಲ್ಲುತ್ತದೆಂದು ನನಗೆ ತೋರುತ್ತದೆ. ವ್ಯಾಕರಣ ಬಲ್ಲವರು ತಿದ್ದಬೇಕು.

ಕಡೆಯದಾಗಿ, ನಮ್ಮ ಟೆಂಡರ್ ಪ್ರಕಟಣೆಗಳ ಕೋಷ್ಟಕದಲ್ಲಿ ಕಾಮಗಾರಿಯ ಹೆಸರಿನ ಪಕ್ಕದ ಅಂಕಣಕ್ಕೆ ‘ಟೆಂಡರ್‌ಗಿಟ್ಟ ಮೊತ್ತ’ ಎಂಬ ಸೊಗಸಾದ ತಲೆಬರಹವಿರುತ್ತದೆ. ಅದು ‘ಅಂದಾಜು ಮೊತ್ತ’ಕ್ಕಿಂತ ಬೇರೆ ಅರ್ಥದ್ದೋ ಅಥವಾ ಎರಡನ್ನೂ ಒಂದೇ ಎಂದು ಬಳಸಬಹುದೋ ಎಂಬುದನ್ನು ಲೋಕೋಪಯೋಗಿ ಇಲಾಖೆಯ ಕಾಗದಪತ್ರ ಬಲ್ಲವರು ತಿಳಿಸಿದರೆ ಕೈಪಿಡಿಯ ಮೂರನೆಯ ಅಧ್ಯಾಯವನ್ನು ಮುಗಿಸುತ್ತೇನೆ.