ಕೋಣೆಯೊಳಗೆ ಕೊತ್ತಂಬರಿ: ದೀಪಕ್ಕೆ, ಗಾಳಿಗೆ ಏನು ಮಾಡಿದಿರಿ?

ಬಾಡಿಗೆದಾರ, ಕಲಬುರಗಿ: ಮೇಲಂತಸ್ತಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಿದೆ. ಪಡುವಣಕ್ಕೆ ಒಂದೇ ಕಿಟಕಿ. ಕೊತ್ತಂಬರಿ, ಮೆಂತ್ಯ ಬೆಳೆಯುವ ಆಸೆ. ಗೋಡೆ ಮುಟ್ಟಲು ಮಾಲೀಕರು ಬಿಡುವುದಿಲ್ಲ. ದೀಪ, ಫ್ಯಾನು ಎಲ್ಲ ಸೇರಿ ಎಂಟು ಸಾವಿರದೊಳಗೆ ಆಗಬೇಕು. ಮಾಡಿ ನೋಡಿದವರು ಹೇಳಿ.

ಕಲ್ಲುಮನೆಯವ, ಕಲಬುರಗಿ: ಮೊದಲು ಗಾಳಿ, ಆಮೇಲೆ ದೀಪ. ನಾನು ಉಲ್ಟಾ ಮಾಡಿ ಕೆಟ್ಟೆ. 20 ವ್ಯಾಟ್‌ನ ಎಂಟು ಬಿಳಿ ಎಲ್‌ಇಡಿ ಟ್ಯೂಬು, ತಲಾ 240ರಂತೆ 1,920 ರೂಪಾಯಿ. ಕಬ್ಬಿಣದ ರ‍್ಯಾಕು 2,300. ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನು 1,350. ಬಾಗಿಲು ಬಿಗಿಯಾಗಿ ಮುಚ್ಚಿ ಫ್ಯಾನು ಹಾಕಿದೆ. ರೆಕ್ಕೆ ತಿರುಗುತ್ತಿದೆ, ಕೋಣೆ ಕಾದ ಹಂಚಿನಂತಿದೆ. ಒಳಗೆ ಗಾಳಿ ಬರುವ ದಾರಿಯೇ ಇಲ್ಲದಿದ್ದರೆ ಅದಾದರೂ ಏನನ್ನು ಹೊರಗೆ ದೂಡಬೇಕು? ಇಷ್ಟು ಹೊಳೆಯಲು ನನಗೆ ಹದಿನೇಳು ದಿನ ಹಿಡಿಯಿತು. ನಮ್ಮದು ಎರಡಡಿ ದಪ್ಪದ ಗೋಡೆ, ಮೇಲೆ ಶಹಾಬಾದ್ ಕಲ್ಲಿನ ಹಾಸು. ಫ್ಯಾನಿನ ಎದುರು ಗೋಡೆಯ ಬುಡದಲ್ಲಿ ತೂತು ಕೊರೆಯಲು ಮೇಸ್ತ್ರಿಗೆ ಎರಡು ದಿನ, ನನಗೆ 1,800 ರೂಪಾಯಿ. ಗಾಳಿ ಬಂತು. ಮೂರನೆಯ ರಾತ್ರಿ ಹೆಗ್ಗಣವೂ ಬಂತು. ನಾಲ್ಕು ಟ್ರೇ ಮೆಂತ್ಯ ಹೋಯಿತು. ಜಾಲರಿಯ ಬೆಲೆ ಬರೀ 90 ರೂಪಾಯಿ ಎಂದು ಆಮೇಲೆ ತಿಳಿಯಿತು.

ನೇರಳೆ ದೀಪ, ಬೀದರ್: ಮನೆಯ ಟ್ಯೂಬಿನಲ್ಲಿ ಗಿಡ ಬೆಳೆಸುವುದು ಜಿಪುಣರ ಲೆಕ್ಕ. ನಾನು 45 ವ್ಯಾಟ್‌ನ ಎರಡು ಕೆಂಪು-ನೀಲಿ ದೀಪ ತರಿಸಿದೆ, 3,100 ರೂಪಾಯಿ. ಎರಡು ವರ್ಷವಾಯಿತು, ಟೊಮ್ಯಾಟೊ ಸಸಿಗಳ ಕಾಂಡ ಪೆನ್ಸಿಲ್ಲಿನಷ್ಟು ಗಟ್ಟಿ. ಎಕ್ಸಾಸ್ಟ್ ದಂಡ, ಕಿಟಕಿ ತೆರೆದಿಟ್ಟರೆ ಸಾಕು. ತೊಂದರೆಯೆಂದರೆ ಒಂದೇ: ರಾತ್ರಿ ಆ ಬೆಳಕು ಕಂಡು ಎದುರು ಮನೆಯ ಅಜ್ಜಿ ನಮ್ಮಲ್ಲಿ ಮಾಟ ನಡೆಯುತ್ತಿದೆ ಎಂದು ಓಣಿಗೆಲ್ಲ ಸಾರಿದರು.

ಕೂಲರ್ ಕಲಿಸಿದ ಪಾಠ, ಯಾದಗಿರಿ: ಅದೇ ನೇರಳೆ ದೀಪ ನಂಬಿ ನಾನು ಮುಳುಗಿದವನು. ಆ ಬೆಳಕಿನಲ್ಲಿ ಹಸಿರೆಲೆಯೂ ಕಪ್ಪು, ಹಳದಿಯಾದ ಎಲೆಯೂ ಮಬ್ಬು. ರೋಗ ಕಣ್ಣಿಗೆ ಬೀಳುವುದೇ ಇಲ್ಲ. ಮೇ ತಿಂಗಳಲ್ಲಿ ಕೋಣೆಗೆ ಕೂಲರ್ ಇಟ್ಟೆ, ಒಣ ಬಿಸಿಲಿಗೆ ಚೆನ್ನಾಗಿಯೇ ನಡೆಯಿತು. ಜುಲೈನಲ್ಲಿ ಮಳೆ ಹಿಡಿದ ಮೇಲೂ ನಿಲ್ಲಿಸಲಿಲ್ಲ, ನನ್ನ ಬುದ್ಧಿಗೆ ಏನೆನ್ನಲಿ. ಗೋಡೆಯೆಲ್ಲ ಬೆವರಿತು. ಬೆಳಿಗ್ಗೆ ದೀಪ ಆರಿಸಿ ಬಾಗಿಲು ತೆರೆದು ನೋಡಿದರೆ ಮಣ್ಣಿನ ಮೇಲೆ ಬಿಳಿ ಬೂಸ್ಟು, ಬುಡ ಕೊಳೆತು ಹನ್ನೊಂದು ಟ್ರೇ ಸಸಿ ಅಡ್ಡಬಿದ್ದಿವೆ. ಬೀಜ, ತೆಂಗಿನ ನಾರಿನ ಪುಡಿ, ಕರೆಂಟು ಸೇರಿ 2,640 ರೂಪಾಯಿ ತಿಪ್ಪೆಗೆ. ಇನ್ನು ಬೀದರಿನ ಯಜಮಾನರೇ, ನೀವು ಕಲಬುರಗಿಗಿಂತ ಸುಮಾರು ಇನ್ನೂರು ಮೀಟರ್ ಮೇಲೆ ಕುಳಿತು ಕಿಟಕಿಯ ಉಪದೇಶ ಮಾಡಬೇಡಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದಂತೆ.

ನೇರಳೆ ದೀಪ, ಬೀದರ್: ಮಳೆಗಾಲದಲ್ಲಿ ಕೂಲರ್ ಓಡಿಸಿದವರಿಂದ ನಾನು ಭೂಗೋಳ ಕಲಿಯಬೇಕಿಲ್ಲ. ಬೀದರಿನಲ್ಲಿ ಬಿಸಿಲೇ ಇಲ್ಲವೇ? ಒಮ್ಮೆ ಏಪ್ರಿಲ್‌ನಲ್ಲಿ ಬಂದು ಕೋಟೆ ಹತ್ತಿ ನೋಡಿ.

ರಾತ್ರಿ ಪಾಳಿ, ಕಲಬುರಗಿ: ಜಗಳ ಆಮೇಲೆ ಆಡಿ. ದೀಪ ಹಗಲಲ್ಲಿ ಏಕೆ ಉರಿಸುತ್ತೀರಿ? ನಾನು ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಹಚ್ಚುತ್ತೇನೆ. ಹಗಲು ಕಿಟಕಿಗೆ ಪರದೆ ಕಟ್ಟಿ ಗಿಡಕ್ಕೆ ಕತ್ತಲು. ದೀಪದ ಕಾವೂ ಬಿಸಿಲಿನ ಕಾವೂ ಒಟ್ಟಿಗೆ ಸೇರುವುದಿಲ್ಲ, ಎಕ್ಸಾಸ್ಟ್‌ಗೂ ತಣ್ಣನೆಯ ಗಾಳಿ ಸಿಗುತ್ತದೆ. 160 ವ್ಯಾಟ್, 14 ಗಂಟೆ ಎಂದರೆ ದಿನಕ್ಕೆ 2.24 ಯೂನಿಟ್, ತಿಂಗಳಿಗೆ 67. ಆದರೆ ನಡುರಾತ್ರಿ ನಮ್ಮ ಓಣಿಯಲ್ಲಿ ವೋಲ್ಟೇಜು 270 ಮುಟ್ಟಿ ಒಂದೇ ವಾರದಲ್ಲಿ ಮೂರು ಟ್ಯೂಬು ಸುಟ್ಟವು. ಸ್ಟೆಬಿಲೈಸರ್‌ಗೆ 1,700 ಕೊಟ್ಟೆ. ಆ ಹಣಕ್ಕೆ ಎಷ್ಟು ಕಟ್ಟು ಕೊತ್ತಂಬರಿ ಬರುತ್ತಿತ್ತೆಂದು ಮನೆಯವರು ಈಗಲೂ ಲೆಕ್ಕ ಹೇಳುತ್ತಾರೆ.

ಬಾಡಿಗೆದಾರ, ಕಲಬುರಗಿ: ಗೋಡೆ ಮುಟ್ಟುವಂತಿಲ್ಲ ಎಂದು ಮೊದಲೇ ಬರೆದಿದ್ದೆ. ಟ್ಯೂಬು ಎಷ್ಟು ಎತ್ತರದಲ್ಲಿರಬೇಕು, ಅದನ್ನಾದರೂ ಹೇಳಿ.

ರಾತ್ರಿ ಪಾಳಿ, ಕಲಬುರಗಿ: ಎಲೆಯ ತುದಿಯಿಂದ ಒಂದು ಗೇಣು. ಗಿಡ ಎದ್ದಂತೆ ಸರಪಳಿಯಲ್ಲಿ ಮೇಲೆತ್ತಿ. ದೂರವಾದರೆ ಸಸಿ ಸೊರಗಿ ಉದ್ದವಾಗಿ ಬಾಗುತ್ತದೆ. ಕಿಟಕಿಯ ಒಂದು ಗಾಜು ತೆಗೆದು ಪ್ಲೈವುಡ್ ಕೂರಿಸಿ ಅದರಲ್ಲಿ ಫ್ಯಾನು ಹಾಕಿ, ಬಾಗಿಲ ಕೆಳಗೆ ಎರಡು ಇಂಚು ಸಂದು ಬಿಡಿ. ಮನೆ ಬಿಡುವಾಗ ಗಾಜು ಮತ್ತೆ ಕೂರಿಸಿದರಾಯಿತು. ಕೊತ್ತಂಬರಿ ಬೀಜವನ್ನು ಮಾತ್ರ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಿ.

ಕಲ್ಲುಮನೆಯವ, ಕಲಬುರಗಿ: ಹೋಳು ಮಾಡುವುದು ಬೇಡ. ರಾತ್ರಿಯೆಲ್ಲ ನೆನೆಸಿದರೆ ಸಾಕು.

ರಾತ್ರಿ ಪಾಳಿ, ಕಲಬುರಗಿ: ನೆನೆಸಿ ನೆನೆಸಿ ಹೆಗ್ಗಣಕ್ಕೆ ಊಟ ಹಾಕಿದವರು ನೀವೇ ಅಲ್ಲವೇ?