ಪದಚರ್ಚೆ: ‘ಎ’ ಸರ್ಟಿಫಿಕೇಟ್ ಪಡೆದ ಚಿತ್ರಕ್ಕೆ ‘ವಯಸ್ಕ ಚಿತ್ರ’ ಎನ್ನಬಹುದೆ?

ಮಾನ್ಯರೆ,
ಹಳೆಯ ಹಿಂದಿ ಚಿತ್ರಗಳ ಪೋಸ್ಟರ್ ಪ್ರದರ್ಶನವೊಂದಕ್ಕೆ ಕನ್ನಡದಲ್ಲಿ ಫಲಕಗಳನ್ನು ಬರೆಯುತ್ತಿದ್ದು, ಅವು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾಗಿವೆ. ಭಾರತದಲ್ಲಿ ‘ಎ’ ಪ್ರಮಾಣಪತ್ರ ಪಡೆದ ಮೊದಲ ಚಿತ್ರವೆಂದು ಹೆಸರಾಗಿರುವ, ಮಧುಬಾಲಾ ಅಭಿನಯದ ‘ಹಂಸ್ತೇ ಆಂಸೂ’ (1950) ಪೋಸ್ಟರಿನ ಕೆಳಗೆ ‘ಮೊದಲ ವಯಸ್ಕ ಚಿತ್ರ’ ಎಂದು ಬರೆದಿದ್ದೆ. ಕರಡು ನೋಡಿದ ಗೆಳೆಯರು ನಕ್ಕುಬಿಟ್ಟರು. ‘ಪ್ರೌಢರಿಗೆ ಮಾತ್ರ’ ಎಂದರೆ ಸರಿಯಾದೀತೆ? ‘ಸೆನ್ಸಾರ್ ಮಂಡಳಿ’ ಎಂಬುದನ್ನೂ ಬದಲಿಸಬೇಕೆ?

ಉತ್ತರ 1
‘ಪ್ರೌಢ’ ಬೇಡವೇ ಬೇಡ. ಹದಿಮೂರು ಹದಿನಾಲ್ಕರ ಮಕ್ಕಳು ಕಲಿಯುವಲ್ಲಿಗೆ ಪ್ರೌಢಶಾಲೆ ಎಂದು ಹೆಸರಿಟ್ಟುಕೊಂಡ ನಾವು, ಹದಿನೆಂಟು ತುಂಬದವರನ್ನು ಆ ಪದದಿಂದ ಬಾಗಿಲಲ್ಲಿ ತಡೆಯುವುದು ಹೇಗೆ? ‘ವಯಸ್ಕ’ವೂ ನನಗೆ ಒಪ್ಪಿಗೆಯಿಲ್ಲ. ಸಮವಯಸ್ಕ, ಅಲ್ಪವಯಸ್ಕ, ಪ್ರಾಪ್ತವಯಸ್ಕಗಳಲ್ಲಿ ಅದು ಉತ್ತರಪದವಾಗಿ ನಿಂತು ‘ವಯಸ್ಸುಳ್ಳ’ ಎಂದಷ್ಟೇ ಹೇಳುತ್ತದೆ. ಪೂರ್ವಪದವನ್ನು ಕಳಚಿದರೆ ತೊಟ್ಟಿಲ ಕೂಸೂ ವಯಸ್ಕನೇ. ಹಿಂದಿಯವರು ಕಳಚಿದರೆಂದು ನಾವೂ ಕಳಚಬೇಕೆ? ಅಚ್ಚಗನ್ನಡದಲ್ಲಿ ‘ಬೆಳೆದವರಿಗೆ ಮಾತ್ರ’ ಎಂದು ಬರೆಯಿರಿ. ‘ದೊಡ್ಡವರಿಗೆ’ ಎನ್ನಲು ಹೋಗಬೇಡಿ. ಹುಡುಗಿ ‘ದೊಡ್ಡವಳಾದಳು’ ಎಂದರೆ ಏನರ್ಥವೆಂದು ಬಲ್ಲಿರಿ.

ಉತ್ತರ 2
‘ವಯಸ್ಕರ ಶಿಕ್ಷಣ’ ಎಂದಾಗ ತೊಟ್ಟಿಲ ಕೂಸನ್ನು ಯಾರೂ ನೆನೆಯುವುದಿಲ್ಲವಾದ್ದರಿಂದ ಮೇಲಿನ ವ್ಯುತ್ಪತ್ತಿಯನ್ನು ಬದಿಗಿಡೋಣ. ಇಲ್ಲಿ ಕೆಟ್ಟಿರುವುದು ಪದವಲ್ಲ, ವಿಭಕ್ತಿ. ‘ಎ’ ಎಂಬುದು ನೋಡುಗರ ಮೇಲಿನ ನಿರ್ಬಂಧವೇ ಹೊರತು ಚಿತ್ರದ ಗುಣವಾಚಕವಲ್ಲ. ಚತುರ್ಥಿಯನ್ನು ಕಳೆದು ‘ವಯಸ್ಕ ಚಿತ್ರ’ ಎಂದೊಡನೆ ಓದುಗರಿಗೆ ನೀಲಿಚಿತ್ರ ನೆನಪಾಗುತ್ತದೆ, ನಿಮ್ಮ ಗೆಳೆಯರು ನಕ್ಕದ್ದೂ ಅದಕ್ಕೇ. ಚಿತ್ರನಿರ್ದೇಶಕ ಕೆ. ಎ. ಅಬ್ಬಾಸ್ ಅವರು ನಗರಜೀವನದ ವೈಷಮ್ಯವನ್ನು ತೋರಿಸಲು ತೆಗೆದ ಕಿರು ಸಾಕ್ಷ್ಯಚಿತ್ರಕ್ಕೆ, ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳಿದ್ದವೆಂಬ ಕಾರಣಕ್ಕೆ ಮಂಡಳಿ ‘ಎ’ ಕೊಡಹೊರಟಾಗ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ವಿಚಾರಣೆಯ ನಡುವೆ ಸರ್ಕಾರವೇ ಮಣಿದು, ಎಲ್ಲ ವಯಸ್ಸಿನವರೂ ನೋಡಬಹುದೆನ್ನುವ ‘ಯು’ ಕೊಡಲು ಒಪ್ಪಿತು. ಆದರೂ 1970ರ ತೀರ್ಪು ಪೂರ್ವಭಾವಿ ಸೆನ್ಸಾರನ್ನು ಎತ್ತಿಹಿಡಿಯಿತು. ಆ ಸಾಕ್ಷ್ಯಚಿತ್ರವನ್ನು ‘ವಯಸ್ಕ ಚಿತ್ರ’ವೆಂದು ಕರೆಯುವ ಧೈರ್ಯ ಯಾರಿಗಿದೆ? ನಿಮ್ಮ ಫಲಕದಲ್ಲಿ ‘ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಪಡೆದ ಮೊದಲ ಚಿತ್ರ’ ಎಂದಿರಲಿ. ಉದ್ದವಾಯಿತೆನಿಸಿದರೆ ಅಕ್ಷರಗಳನ್ನು ಚಿಕ್ಕದು ಮಾಡಿಸಿ.

ಪ್ರಮಾಣಪತ್ರಗಳ ಚಿತ್ರವನ್ನೂ ಹಾಕುವಿರಾದರೆ ಒಂದು ಎಚ್ಚರಿಕೆ. ಹಿಂದಿ ಒಕ್ಕಣೆಯಲ್ಲಿ ಕಾಣುವ ‘ಅ’ ಅಕ್ಷರ ಇಂಗ್ಲಿಷಿನ ‘ಎ’ ಅಲ್ಲ. ಅದು ನಿರ್ಬಂಧವಿಲ್ಲವೆಂದು ಸಾರುವ ನಿಷೇಧಾರ್ಥದ ಅಕಾರ, ಅಂದರೆ ‘ಯು’. ವಯಸ್ಕರದು ‘ವ’.

‘ಸೆನ್ಸಾರ್’ ಹಾಗೆಯೇ ಇರಲಿ. 1983ರಲ್ಲಿ ಹೆಸರು ಬದಲಾಗುವವರೆಗೆ ಅದು ಅಧಿಕೃತವಾಗಿಯೇ ಚಲನಚಿತ್ರ ಸೆನ್ಸಾರ್ ಮಂಡಳಿ. ‘ಯುಎ’ ಬಂದದ್ದೂ ಆ ವರ್ಷವೇ. ಐವತ್ತರ ದಶಕದ ಪೋಸ್ಟರಿನಡಿ ‘ಪ್ರಮಾಣೀಕರಣ ಮಂಡಳಿ’ ಎಂದು ಬರೆದರೆ ಕಾಲವೇ ತಪ್ಪುತ್ತದೆ.

ಉತ್ತರ 1ರವರಿಂದ ಮತ್ತೆ
ಚತುರ್ಥಿಯ ಮಾತು ಒಪ್ಪಿದೆ. ‘ಸೆನ್ಸಾರ್’ ಲ್ಯಾಟಿನ್ ಮೂಲದ್ದು. ರೋಮಿನಲ್ಲಿ ಜನಗಣತಿ ಮಾಡುತ್ತ ಜನರ ನಡತೆಯ ಮೇಲೂ ಕಣ್ಣಿಡುತ್ತಿದ್ದ ಅಧಿಕಾರಿಗೆ ಆ ಹೆಸರಿತ್ತು. ಅಷ್ಟು ದೂರದ ಪದಕ್ಕೆ ಮನೆಯಲ್ಲಿ ಜಾಗ ಕೊಡುವವರು ‘ಬೆಳೆದವರು’ ಎಂದರೆ ಮುಖ ಸಿಂಡರಿಸುವುದೇಕೆಂದು ತಿಳಿಯದು.